ತೋಳು ಐರ್ಲೆಂಡಿನದು, ಚಿನ್ನ ಅಮೆರಿಕದ್ದು

1908ರ ಲಂಡನ್ ಒಲಿಂಪಿಕ್ಸ್. ಹ್ಯಾಮರ್ ಥ್ರೋದಲ್ಲಿ ಮೊದಲ ಮೂರು ಸ್ಥಾನ ಜಾನ್ ಫ್ಲನಗನ್, ಮ್ಯಾಟ್ ಮೆಕ್‌ಗ್ರಾತ್, ಕಾನ್ ವಾಲ್ಶ್ ಪಾಲಾದವು. ಮೂವರೂ ಹುಟ್ಟಿದ್ದು ಐರ್ಲೆಂಡಿನಲ್ಲಿ. ಪದಕಪಟ್ಟಿ ನೋಡಿ: ಎರಡು ಅಮೆರಿಕಕ್ಕೆ, ಒಂದು ಕೆನಡಾಕ್ಕೆ. ಐರ್ಲೆಂಡ್ ಆಗ ಬ್ರಿಟನ್ನಿನ ಭಾಗ; ಊರಲ್ಲೇ ಉಳಿದಿದ್ದರೆ ಇವರು ಬ್ರಿಟನ್ ಹೆಸರಲ್ಲೇ ಎಸೆಯಬೇಕಿತ್ತು.

ಈ ಕಥೆಯ ನಾಯಕ ಫ್ಲನಗನ್. ಲಿಮರಿಕ್ ಜಿಲ್ಲೆಯ ಹಳ್ಳಿಯವನು. 1896ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ಆಮೇಲೆ ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಪೊಲೀಸ್ ಕೆಲಸ ಅಂದ್ರೆ ಆಗಿನ ಐರಿಷ್ ವಲಸಿಗರಿಗೆ ಗಟ್ಟಿ ಸಂಬಳ, ಒಂದಿಷ್ಟು ಮರ್ಯಾದೆ. ಈ ದೈತ್ಯರಿಗೆ ಪತ್ರಿಕೆಗಳು ಐರಿಷ್ ತಿಮಿಂಗಿಲಗಳು ಅಂತ ಹೆಸರಿಟ್ಟವು. ಹೊಗಳಿಕೆಯೋ ಗೇಲಿಯೋ, ಎರಡೂ ಇರಬಹುದು.

ಹ್ಯಾಮರ್ ತೂಕ 7.26 ಕೆಜಿ. ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಇರಲಾಗಲಿಲ್ಲ: ಅದು 50 ಮೀಟರ್ ದಾಟಬೇಕಾದರೆ ಕೈಬಿಡುವ ಕ್ಷಣದಲ್ಲಿ ತೋಳಿನ ಮೇಲೆ ಅಂದಾಜು 200 ಕೆಜಿಯ ಎಳೆತ ಬೀಳುತ್ತದೆ. ಲಂಡನ್ನಿನಲ್ಲಿ ಫ್ಲನಗನ್ ಎಸೆದದ್ದು 51.92 ಮೀಟರ್. 1900ರ ಪ್ಯಾರಿಸ್, 1904ರ ಸೇಂಟ್ ಲೂಯಿಸ್ ಸೇರಿ ಸತತ ಮೂರನೇ ಚಿನ್ನ. ಸೇಂಟ್ ಲೂಯಿಸ್‌ನಲ್ಲಿ 25.4 ಕೆಜಿ ತೂಕ ಎಸೆಯುವ ಸ್ಪರ್ಧೆಯೂ ಇತ್ತು. ಅದರಲ್ಲಿ ಬೆಳ್ಳಿ. ನಮ್ಮ ಪಾಳ್ಯದ ಕಡೆ ಕಾಫಿ ಮೂಟೆ ಹೊರುವವರಿಗೆ 25 ಕೆಜಿ ದೊಡ್ಡದೇನಲ್ಲ. ಆದರೆ ಹೊರುವುದು ಬೇರೆ, ಹತ್ತು ಮೀಟರ್ ಆಚೆಗೆ ಎಸೆಯುವುದು ಬೇರೆ.

ಬೇರೆಯವರ ಬಾವುಟದಡಿ ಆಡುವ ಸಂಕಟ ನಮಗೂ ಗೊತ್ತು. 1920ರ ಆಂಟ್ವರ್ಪ್ ಮ್ಯಾರಥಾನಿನಲ್ಲಿ 19ನೆಯವನಾಗಿ ಬಂದ ಬೆಳಗಾವಿಯ ಫಡೆಪ್ಪ ಚೌಗುಲೆ ಓಡಿದ್ದು ಬ್ರಿಟಿಷ್ ಇಂಡಿಯಾದ ಪರವಾಗಿ. ಚೌಗುಲೆ ಆಳುವವರ ಬಾವುಟ ಹೊತ್ತ. ಫ್ಲನಗನ್ ಹೊತ್ತದ್ದು ಅನ್ನ ಕೊಟ್ಟ ನಾಡಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಅಮೆರಿಕ ಅವನಿಗೆ ಕೆಲಸ, ಕ್ಲಬ್ಬು, ಅಭ್ಯಾಸಕ್ಕೆ ಮೈದಾನ ಕೊಟ್ಟಿತ್ತು.

ಆದರೂ ಅವನು ಅಲ್ಲೇ ಉಳಿಯಲಿಲ್ಲ. 1909ರಲ್ಲಿ 56.18 ಮೀಟರ್ ಎಸೆದು ವಿಶ್ವದಾಖಲೆ ಬರೆದ ಕೆಲವೇ ವರ್ಷಗಳಲ್ಲಿ ಲಿಮರಿಕ್‌ಗೆ ವಾಪಸ್ಸಾಗಿ ಹೊಲ ನೋಡಿಕೊಂಡ. 1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಹುಟ್ಟಿತು. ಹ್ಯಾಮರ್ ಕಲಿಯಲು ಬಂದ ಪ್ಯಾಟ್ ಓ'ಕ್ಯಾಲಹನ್ ಎಂಬ ಡಾಕ್ಟರನಿಗೆ ಫ್ಲನಗನ್ ಪಾಠ ಹೇಳಿಕೊಟ್ಟ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಶಿಷ್ಯ ಗೆದ್ದದ್ದು ಸ್ವತಂತ್ರ ಐರ್ಲೆಂಡಿನ ಮೊಟ್ಟಮೊದಲ ಒಲಿಂಪಿಕ್ ಚಿನ್ನ. 1932ರಲ್ಲಿ ಮತ್ತೊಮ್ಮೆ ಗೆದ್ದ. ಗುರು 1938ರಲ್ಲಿ ತೀರಿಕೊಂಡ. ಅವನ ಮೂರು ಚಿನ್ನ ಇವತ್ತಿಗೂ ಅಮೆರಿಕದ ಲೆಕ್ಕದಲ್ಲೇ ಇವೆ.