ಬೆರಳಿಗೆ ಕಣ್ಣಿತ್ತ ಲೂಯಿ ಬ್ರೈಲ್

ಫ್ರಾನ್ಸ್ ದೇಶದ ಪ್ಯಾರಿಸ್ ನಗರಕ್ಕೆ ಪೂರ್ವದಲ್ಲಿ ಕೂವ್ರೆ ಎಂಬುದೊಂದು ಗ್ರಾಮ. ಅಲ್ಲಿ ಕುದುರೆಯ ಜೀನು ಲಗಾಮುಗಳನ್ನು ಮಾಡಿ ಸಂಸಾರ ಸಾಗಿಸುತ್ತಿದ್ದ ಚರ್ಮಕಾರನೊಬ್ಬನಿಗೆ 1809ನೆಯ ಇಸವಿ ಜನವರಿ 4ರಂದು ಕಡೆಯ ಮಗನಾಗಿ ಲೂಯಿ ಬ್ರೈಲನು ಜನಿಸಿದನು. ಮೂರು ವರ್ಷದ ಕೂಸು ಒಂದು ದಿನ ತಂದೆಯಂತೆಯೇ ತೊಗಲನ್ನು ಚುಚ್ಚಹೋಗಿ, ಕೈಜಾರಿದ ಆರೆ ಕಣ್ಣಿಗೇ ನಾಟಿತು. ಗಾಯ ಕೀವಾಗಿ ಮತ್ತೊಂದು ಕಣ್ಣಿಗೂ ಹಬ್ಬಿತು. ಐದು ತುಂಬುವುದರೊಳಗೆ ಬಾಲಕನು ಪೂರ್ಣ ಅಂಧನಾದನು.

ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಊರ ಶಾಲೆಗೆ ಕಳುಹಿಸಿದರು. 1819ರಲ್ಲಿ ಪ್ಯಾರಿಸಿನ ಅಂಧ ಬಾಲಕರ ವಿದ್ಯಾಲಯವನ್ನು ಸೇರಿದನು. ಅದರ ಸ್ಥಾಪಕನಾದ ವಾಲಂತೀನ್ ಅಯುಯಿಯು ಉಬ್ಬಕ್ಷರದ ಗ್ರಂಥಗಳನ್ನು ಮಾಡಿಸಿದ್ದನು. ಅವು ಬಲು ಭಾರ. ಒಂದೊಂದಕ್ಷರವನ್ನು ತಡವಿ ತಿಳಿಯುವಷ್ಟರಲ್ಲಿ ವಾಕ್ಯದ ಆದಿಯೇ ಮರೆತುಹೋಗುವುದು. ಓದಬಹುದಾಗಿದ್ದರೂ ವಿದ್ಯಾರ್ಥಿಯು ತಾನೇ ಬರೆಯುವಂತಿರಲಿಲ್ಲ. ಬರೆಯಲಾರದವನಿಗೆ ವಿದ್ಯೆಯು ಎಷ್ಟರಮಟ್ಟಿಗೆ ಸ್ವಂತವಾದೀತೆಂಬುದು ಮಕ್ಕಳಿಗೆ ಅಕ್ಷರ ತಿದ್ದಿಸಿದವರಿಗೆಲ್ಲ ತಿಳಿದುದೇ.

ಶಾರ್ಲ್ ಬಾರ್ಬಿಯೇ ಎಂಬವನು ಚುಕ್ಕೆಗಳಿಂದ ಬರೆಯುವ ಒಂದು ಕ್ರಮವನ್ನು ಆ ಶಾಲೆಗೆ ತಂದನು. ಅದರಲ್ಲಿ ಒಂದು ಸಂಜ್ಞೆಗೆ ಹನ್ನೆರಡು ಚುಕ್ಕೆಗಳವರೆಗೆ ಬೇಕು; ಬೆರಳತುದಿ ಅಷ್ಟನ್ನು ಒಮ್ಮೆಗೇ ಗ್ರಹಿಸಲಾರದು. ಅಲ್ಲದೆ ಅದು ಉಚ್ಚಾರವನ್ನು ಮಾತ್ರ ಸೂಚಿಸುವುದು, ವರ್ಣಸಂಯೋಜನೆಯನ್ನಲ್ಲ. ಬ್ರೈಲನು ಹನ್ನೆರಡನ್ನು ಆರಕ್ಕಿಳಿಸಿದನು: ಎರಡು ಸಾಲು, ಸಾಲಿಗೆ ಮೂರು. ಈ ಆರರಿಂದ 63 ರೂಪಗಳಾಗುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಸ್ಥಾನಗಳೇ ಸಾಕು. ಅವುಗಳಿಗೇ ಕೆಳಗಿನ ಎಡಚುಕ್ಕೆ ಸೇರಿದರೆ ಮುಂದಿನ ಹತ್ತು. ಎಂತಹ ವ್ಯಾಕರಣಬುದ್ಧಿ! ಇದು ರೂಪುಗೊಂಡಾಗ, 1824ರಲ್ಲಿ, ಅವನಿಗೆ ಹದಿನೈದು ವಯಸ್ಸು. ಬರೆಯುವಾಗ ಕಾಗದದ ಹಿಂಬದಿಯಿಂದ ಬಲದಿಂದೆಡಕ್ಕೆ ಚುಚ್ಚಬೇಕು; ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. 1829ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಸಂಗೀತದ ಸ್ವರಲಿಪಿಯೂ ಅದರಲ್ಲುಂಟು, ಏಕೆಂದರೆ ಬ್ರೈಲನು ಇಗರ್ಜಿಗಳಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದನು.

ಅದೇ ಶಾಲೆಯಲ್ಲಿ ಉಪಾಧ್ಯಾಯನಾದ ಅವನಿಗೆ ಕಷ್ಟವು ಹೊರಗಿನಿಂದ ಬರಲಿಲ್ಲ. 1840ರಲ್ಲಿ ಬಂದ ಹೊಸ ಮುಖ್ಯಾಧಿಕಾರಿ ದ್ಯುಫೋ, ಕಣ್ಣುಳ್ಳವರು ಓದಲಾಗದ ಲಿಪಿ ಬೇಡವೆಂದು ಚುಕ್ಕೆಗಳನ್ನು ನಿಷೇಧಿಸಿದನು. ಅವನು ದುಷ್ಟನೆಂದು ಹೇಳಲಾರೆ. ಕಲಿಯುವವನ ಬೆರಳಿನಿಂದ ಯೋಚಿಸದೆ ಕಲಿಸುವವನ ಕಣ್ಣಿನಿಂದ ಯೋಚಿಸಿದನು, ಅಷ್ಟೆ. ಮಕ್ಕಳು ಮರೆಯಲ್ಲಿ ಬರೆದುಕೊಳ್ಳುತ್ತಲೇ ಇದ್ದರು. ಸಹಾಯಕನಾದ ಗ್ವಾದೆಯು ದ್ಯುಫೋವಿನ ಮನವೊಲಿಸಿ, 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಈ ಲಿಪಿಯ ಶಕ್ತಿಯನ್ನು ಸಭೆಗೆ ತೋರಿಸಿದನು. ಅಷ್ಟರಲ್ಲಿ ಬ್ರೈಲನನ್ನು ಕ್ಷಯವು ಹಿಡಿದಿತ್ತು. 1852ರ ಜನವರಿ 6ರಂದು, 43 ತುಂಬಿದ ಎರಡನೆಯ ದಿನ, ದೇಹ ಬಿಟ್ಟನು. ಶಾಲೆಯು ಲಿಪಿಯನ್ನು ವಿಧಿಪೂರ್ವಕವಾಗಿ ಅಂಗೀಕರಿಸಿದುದು 1854ರಲ್ಲಿ.

ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮವಾದ ಭಾರತಿ ಬ್ರೈಲ್ 1951ರಲ್ಲಿ ನಿಶ್ಚಯವಾಯಿತು. ನಮ್ಮ ಕಕಾರಕ್ಕೆ ಬ್ರೈಲನ ಕೆ ಅಕ್ಷರದ ಎರಡು ಚುಕ್ಕೆಗಳೇ. ಕಾಗುಣಿತದ ಸ್ವರವು ಮೇಲೆ ಕೆಳಗೆ ಏರಿಳಿಯದೆ ವ್ಯಂಜನದ ಮುಂದೆ ಸಾಲಾಗಿ ನಿಲ್ಲುವುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು ಭಗವದ್ಗೀತೆಯನ್ನು ಬರೆದುದು ಈ ಚುಕ್ಕೆಗಳಲ್ಲಿಯೇ.

ಮರಣಾನಂತರ ನೂರು ವರ್ಷಕ್ಕೆ, 1952ರಲ್ಲಿ, ಫ್ರಾನ್ಸ್ ಸರಕಾರವು ಅವನ ಅಸ್ಥಿಗಳನ್ನು ಪ್ಯಾರಿಸಿನ ಪಾಂತೆಯೋನ್ ಮಂದಿರಕ್ಕೆ ಮರ್ಯಾದೆಯಿಂದ ಸಾಗಿಸಿತು. ಕೂವ್ರೆಯ ಜನರು ಕೈಗಳ ಅಸ್ಥಿಗಳನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. ಅವು ಆ ಊರ ಸ್ಮಶಾನದಲ್ಲಿ ಒಂದು ಕರಂಡಕದಲ್ಲಿವೆ.