ಫುಕುವೋಕ: ಏನೂ ಮಾಡದ ಕೃಷಿಗೆ ಮೂವತ್ತು ವರ್ಷ

ಪ್ರತಿ ಸೆಮಿಸ್ಟರ್ ಕೊನೆಗೆ ನಮ್ಮಲ್ಲಿ ಒಬ್ಬರಾದರೂ ಆ ಮಾತು ಆಡಿಯೇ ಆಡುತ್ತೇವೆ. ಸಾಕಪ್ಪಾ ಈ ಡೆಡ್‌ಲೈನು, ಈ ಚಳಿ, ಸಾಲ ತೀರಿದ ಮೇಲೆ ಊರಿಗೆ ಹೋಗಿ ಎರಡೆಕರೆ ತೋಟ, ನಾಲ್ಕು ಕೋಳಿ, ಒಂದೆರಡು ಮೇಕೆ ಇಟ್ಟುಕೊಂಡು ಆರಾಮಾಗಿ ಇದ್ದುಬಿಡೋಣ ಅಂತ. ಅನ್ನ ಸಾರು ಮುಗಿಯೋ ಹೊತ್ತಿಗೆ ಯಾರೋ ಒಬ್ಬರು ತೇಜಸ್ವಿಯವರ ಹೆಸರು ತೆಗೀತಾರೆ. ಅದರ ಬೆನ್ನಿಗೇ ಫುಕುವೋಕ ಬರುತ್ತಾರೆ. ಉಳಬೇಡಿ, ಗೊಬ್ಬರ ಹಾಕಬೇಡಿ, ಕಳೆ ಕೀಳಬೇಡಿ, ಔಷಧಿ ಹೊಡೀಬೇಡಿ ಅಂದ ಜಪಾನಿನ ರೈತ. ಏನೂ ಮಾಡದೆ ಬೆಳೆ ತೆಗೆದವರು ಅಂತಲೇ ನಮ್ಮಲ್ಲಿ ಪ್ರಸಿದ್ಧಿ.

ಈ ಸಲದ ಸಂಚಿಕೆಗೆ ಅವರ ಬದುಕಿನ ಬಗ್ಗೆ ಬರೆಯೋಣ ಅಂತ ಓದೋಕೆ ಕೂತಾಗ ನಮಗೆ ಕಂಡದ್ದು ಬೇರೆಯೇ ಚಿತ್ರ. ಆ ಏನೂ ಮಾಡದ ಕೃಷಿಯ ಬುಡದಲ್ಲಿ ಒಣಗಿ ಸತ್ತ ಕಿತ್ತಳೆ ಮರಗಳಿವೆ. ಅವು ಅವರ ಅಪ್ಪ ಬೆಳೆಸಿದ ಮರಗಳು.

ಮಸಾನೊಬು ಫುಕುವೋಕ ಹುಟ್ಟಿದ್ದು 1913ರ ಫೆಬ್ರವರಿ 2ರಂದು, ಶಿಕೋಕು ದ್ವೀಪದ ಎಹಿಮೆ ಪ್ರಾಂತ್ಯದ ಇಯೋ ಎಂಬಲ್ಲಿ. ಮನೆತನ ಅನುಕೂಲಸ್ಥರದು. ಅಪ್ಪ ಓದಿದವರು, ಊರಿನಲ್ಲಿ ಮುಖಂಡರು, ಗದ್ದೆ ಇತ್ತು, ಗುಡ್ಡದ ಮೇಲೆ ಮಿಕಾನ್ ಅನ್ನೋ ಕಿತ್ತಳೆ ಜಾತಿಯ ಹಣ್ಣಿನ ತೋಟವೂ ಇತ್ತು. ಮಗ ಗಿಫು ಕೃಷಿ ಕಾಲೇಜಿನಲ್ಲಿ ಸಸ್ಯರೋಗ ಶಾಸ್ತ್ರ ಓದಿ, 1934ರಲ್ಲಿ ಯೊಕೊಹಾಮಾ ಬಂದರಿನ ಸುಂಕ ಕಚೇರಿಯಲ್ಲಿ ಸಸ್ಯ ತಪಾಸಣೆ ವಿಭಾಗ ಸೇರಿದರು. ಹಡಗಿನಲ್ಲಿ ಬಂದುಹೋಗುವ ಹಣ್ಣು, ಗಿಡಗಳಲ್ಲಿ ರೋಗ, ಹುಳು ಇದೆಯೇ ಅಂತ ನೋಡೋದು ಕೆಲಸ. ಉಳಿದ ಹೊತ್ತೆಲ್ಲ ಸೂಕ್ಷ್ಮದರ್ಶಕದ ಮುಂದೆ. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಕುರೊಸಾವಾ ಎಯಿಚಿ. ಭತ್ತದ ಸಸಿಯನ್ನು ಸೊರಗಿಸಿ ಉದ್ದಕ್ಕೆ ಎಳೆಯುವ ಒಂದು ಶಿಲೀಂಧ್ರ ರೋಗವನ್ನು ಹಿಡಿದು ಹೋಗಿ, 1926ರಲ್ಲಿ ಜಿಬ್ಬರೆಲಿನ್‌ನ ಜಾಡು ಕಂಡವರು ಅವರು. ಇವತ್ತು ನಮ್ಮ ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಜಿಎ ಅಂತ ಸಿಂಪಡಿಸುತ್ತಾರಲ್ಲ, ಅದೇ. ಅಂದರೆ ಫುಕುವೋಕ ವಿಜ್ಞಾನ ಗೊತ್ತಿಲ್ಲದೆ ವಿಜ್ಞಾನವನ್ನು ಬೈದವರಲ್ಲ. ಆ ಕಾಲದ ಒಳ್ಳೆಯ ಲ್ಯಾಬೊಂದರ ಒಳಗಿನಿಂದಲೇ ಎದ್ದು ಬಂದವರು.

1937ರಲ್ಲಿ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದರು. ಆಗ ಅವರಿಗೆ 24, ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಕಾಯಿಲೆ ವಾಸಿಯಾಯಿತು, ಆದರೆ ಸಾವಿನ ಭಯ ಮನಸ್ಸಿನಿಂದ ಇಳಿಯಲಿಲ್ಲ. ನಿದ್ದೆ ಇಲ್ಲ, ಕೆಲಸದಲ್ಲಿ ಮನಸ್ಸಿಲ್ಲ. ಒಂದು ರಾತ್ರಿಯೆಲ್ಲ ಅಲೆದು, ಬಂದರು ಕಾಣುವ ಗುಡ್ಡದ ಮೇಲೆ ಒಂದು ಮರಕ್ಕೆ ಒರಗಿ ಕೂತಿದ್ದರಂತೆ. ಬೆಳಗಿನ ಜಾವ ಗಾಳಿ ಬೀಸಿ ಮಂಜು ಸರಿಯಿತು, ಒಂದು ಬಕ ಪಕ್ಷಿ ಕೂಗಿ ಹಾರಿಹೋಯಿತು. ಆ ಗಳಿಗೆಯಲ್ಲಿ ತಾನು ಇಷ್ಟು ದಿನ ಕಟ್ಟಿಕೊಂಡ ತಿಳಿವಳಿಕೆಯೆಲ್ಲ ಟೊಳ್ಳು, ಮನುಷ್ಯ ತಲೆಕೆಡಿಸಿಕೊಂಡು ಮಾಡಬೇಕಾದ್ದು ಏನೂ ಇಲ್ಲ ಅಂತ ಅವರಿಗೆ ಹೊಳೆಯಿತು. ಮರುದಿನವೇ ರಾಜೀನಾಮೆ ಕೊಟ್ಟರು. ಒಸಾಕಾ, ಕೋಬೆ, ಕ್ಯೋಟೋ, ಕ್ಯೂಶೂ ಅಂತ ಅಲೆಯುತ್ತಾ ಸಿಕ್ಕವರಿಗೆಲ್ಲ ತಾನು ಕಂಡದ್ದನ್ನು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಹುಚ್ಚು ಹಿಡಿದಿದೆ ಅಂದುಕೊಂಡವರೇ ಹೆಚ್ಚು.

ಹಾಗಿದ್ದರೆ ಮಾಡಿ ತೋರಿಸೋಣ ಅಂತ ಊರಿಗೆ ಬಂದರು. ಅಪ್ಪ ತೋಟ ಒಪ್ಪಿಸಿದರು. ಅಪ್ಪ ವರ್ಷ ವರ್ಷವೂ ಕೊಂಬೆ ಸವರಿ, ಬೆಳಕು ಒಳಗೆ ಬರುವ ಹಾಗೆ, ಹಣ್ಣು ಕೈಗೆಟುಕುವ ಹಾಗೆ ಆಕಾರ ಕೊಟ್ಟು ಬೆಳೆಸಿದ ಮರಗಳವು. ಮಗ ಕತ್ತರಿ ಮುಟ್ಟಲಿಲ್ಲ. ಪ್ರಕೃತಿಗೆ ಬಿಟ್ಟರೆ ಅದೇ ನೋಡಿಕೊಳ್ಳುತ್ತೆ ಅನ್ನೋದು ಅವರ ನಂಬಿಕೆ. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಒಳಗೆ ಬಿಸಿಲು ಗಾಳಿ ಆಡಲಿಲ್ಲ, ಹುಳು ಬಿತ್ತು, ಮರಗಳು ಸಾಲು ಸಾಲಾಗಿ ಒಣಗಿದವು. ಅಪ್ಪನಿಗೆ ಏನಾಗಿರಬೇಕು ಅಂತ ತೋಟದ ಮನೆಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ವಲ್ಪ ಬುದ್ಧಿ ನೆಟ್ಟಗಾಗಲಿ, ಎಲ್ಲಾದರೂ ಕೆಲಸಕ್ಕೆ ಸೇರಿಕೋ, ಸರಿಹೋದ ಮೇಲೆ ಬಾ ಅಂತ ಅವರು ಮಗನನ್ನು ಕಳಿಸಿದರು.

ಈ ಸೋಲಿನಿಂದ ಅವರು ಕಲಿತ ಪಾಠವೇ ಮುಂದಿನ ಎಲ್ಲದಕ್ಕೂ ತಳಪಾಯ. ಒಂದು ಸಲ ಮನುಷ್ಯ ಕತ್ತರಿ ಹಾಕಿದ ಮರ ಆಮೇಲೂ ಮನುಷ್ಯನನ್ನೇ ನೆಚ್ಚಿಕೊಂಡಿರುತ್ತೆ. ಅದನ್ನು ಏಕಾಏಕಿ ಬಿಟ್ಟುಬಿಟ್ಟರೆ ಅದು ಸಹಜ ಕೃಷಿಯಲ್ಲ, ಬೇಜವಾಬ್ದಾರಿ. ಮೊದಲಿನಿಂದಲೂ ಸಹಜವಾಗಿ ಬೆಳೆದ ಮರಕ್ಕೆ ಮಾತ್ರ ಸವರುವ ಕೆಲಸ ಕಮ್ಮಿ. ಬಿಟ್ಟುಬಿಡೋದಕ್ಕೂ ಮಧ್ಯೆ ಕೈ ಹಾಕದೆ ಇರೋದಕ್ಕೂ ಇರುವ ಈ ವ್ಯತ್ಯಾಸವನ್ನು ಗದ್ದೆ ತೋಟಗಳಲ್ಲಿ ಬಿಡಿಸಿಕೊಳ್ಳೋದಕ್ಕೆ ಅವರ ಮುಂದಿನ ಮೂವತ್ತು ವರ್ಷ ಹಿಡಿಯಿತು.

1939ರಲ್ಲಿ ಅವರು ಪಕ್ಕದ ಕೋಚಿ ಪ್ರಾಂತ್ಯದ ಕೃಷಿ ಪ್ರಯೋಗ ಕೇಂದ್ರ ಸೇರಿದರು. ನೌಕರಿ ಬಿಟ್ಟು ಹೋದವರು ಮತ್ತೆ ಸಂಬಳಕ್ಕೇ ಬಂದರು. ರೋಗ ಮತ್ತು ಕೀಟ ನಿಯಂತ್ರಣದ ಕೆಲಸ, ರೈತರಿಗೆ ಸಲಹೆ, ಮೇಲಿಂದ ಯುದ್ಧಕಾಲ, ಆಹಾರ ಉತ್ಪಾದನೆ ಹೆಚ್ಚಿಸಬೇಕು ಅನ್ನೋ ಒತ್ತಡ. 1940ರಲ್ಲಿ ಅಯಾಕೊ ಅವರೊಂದಿಗೆ ಮದುವೆಯಾಯಿತು, ಮುಂದೆ ಐವರು ಮಕ್ಕಳಾದರು. ಯುದ್ಧದ ಕೊನೆಯಲ್ಲಿ ಸೈನ್ಯಕ್ಕೂ ಕರೆ ಬಂತು. ಎಲ್ಲ ಮುಗಿದು ಊರಿಗೆ ಮರಳಿದಾಗ ಮನೆಯ ಸ್ಥಿತಿಯೇ ಬದಲಾಗಿತ್ತು. ಅಮೆರಿಕದ ಆಡಳಿತದಡಿ ನಡೆದ ಭೂಸುಧಾರಣೆಯಲ್ಲಿ ಅವರ ಅಪ್ಪನ ಗದ್ದೆಗಳಲ್ಲಿ ಬಹುಪಾಲು ಹೋಗಿತ್ತು. ಉಳುವವನೇ ಹೊಲದೊಡೆಯ ಅಂತ ನಮ್ಮಲ್ಲಿ 1970ರ ದಶಕದಲ್ಲಿ ಆದದ್ದು ಅಲ್ಲಿ ಯುದ್ಧ ಮುಗಿದ ಕೂಡಲೇ ಆಗಿತ್ತು. ಉಳಿದದ್ದು ಗುಡ್ಡದ ತೋಟ ಮತ್ತು ನಮ್ಮ ಲೆಕ್ಕದಲ್ಲಿ ಸುಮಾರು 15 ಗುಂಟೆ ಗದ್ದೆ ಅಷ್ಟೇ.

ಅಲ್ಲಿಂದ ಶುರುವಾಯಿತು ನಿಜವಾದ ದುಡಿಮೆ. ಬೇಸಾಯದ ಒಂದೊಂದೇ ಕೆಲಸವನ್ನು ಎತ್ತಿಕೊಂಡು, ಇದನ್ನು ಮಾಡದಿದ್ದರೆ ಏನಾಗುತ್ತೆ ಅಂತ ಕೇಳುತ್ತಾ ಹೋದರು. ಎಂಜಿನಿಯರಿಂಗ್ ಓದಿದ ನಮಗೆ ಈ ದಾರಿ ಚೆನ್ನಾಗಿ ಅರ್ಥವಾಗುತ್ತೆ. ಹೊಸ ಭಾಗ ಸೇರಿಸುವುದು ಸುಲಭ, ಯಂತ್ರ ನಿಲ್ಲದ ಹಾಗೆ ಒಂದು ಭಾಗ ತೆಗೆಯುವುದು ಕಷ್ಟ. ಹಿಂದೊಮ್ಮೆ ಪಾಳುಬಿದ್ದ ಗದ್ದೆಯಲ್ಲಿ, ಯಾರೂ ಉಳದೆ ನಾಟಿ ಮಾಡದೆ, ಹುಲ್ಲಿನ ನಡುವೆ ಗಟ್ಟಿಮುಟ್ಟಾಗಿ ಎದ್ದುನಿಂತ ಭತ್ತದ ಪೈರು ಅವರ ಕಣ್ಣಿಗೆ ಬಿದ್ದಿತ್ತು. ಕಾಳು ತಾನಾಗಿ ನೆಲಕ್ಕೆ ಬೀಳೋದು ಶರತ್ಕಾಲದಲ್ಲಿ. ಹಾಗಾದರೆ ವಸಂತದಲ್ಲಿ ಸಸಿಮಡಿ ಮಾಡಿ ನಾಟಿ ಹಾಕೋದು ಯಾಕೆ ಅನ್ನೋದು ಅವರ ಪ್ರಶ್ನೆ.

ವರ್ಷಗಟ್ಟಲೆ ತಪ್ಪಿ ತಿದ್ದಿದ ಮೇಲೆ ನಿಂತ ಕ್ರಮ ಹೀಗಿದೆ. ಅಕ್ಟೋಬರಿನಲ್ಲಿ ಭತ್ತ ಇನ್ನೂ ನಿಂತಿರುವಾಗಲೇ ಅದರ ನಡುವೆ ಬಿಳಿ ಕ್ಲೋವರ್ ಬೀಜ, ಆಮೇಲೆ ಬಾರ್ಲಿ ಬೀಜ ಎರಚುತ್ತಿದ್ದರು. ಕೊಯ್ಲಾದ ಮೇಲೆ ಮುಂದಿನ ವರ್ಷದ ಭತ್ತದ ಬೀಜವನ್ನು ಜೇಡಿಮಣ್ಣಿನ ಉಂಡೆಯಲ್ಲಿ ಸುತ್ತಿ ಅಲ್ಲೇ ಚೆಲ್ಲುತ್ತಿದ್ದರು. ಮಣ್ಣಿನ ಉಂಡೆಯೊಳಗಿನ ಬೀಜ ಹಕ್ಕಿಗೂ ಇಲಿಗೂ ಸಿಗಲ್ಲ, ಕೊಳೆಯೋದೂ ಕಮ್ಮಿ. ಬಡಿದು ಕಾಳು ತೆಗೆದ ಹುಲ್ಲನ್ನು ಕತ್ತರಿಸದೆ, ಹೇಗೆಂದರೆ ಹಾಗೆ ಗದ್ದೆ ತುಂಬ ಹರಡುತ್ತಿದ್ದರು. ಒತ್ತಾಗಿ ಒಂದೇ ದಿಕ್ಕಿಗೆ ಹಾಸಿದರೆ ಮೊಳಕೆ ಮೇಲೆ ಬರಲ್ಲ. ಮೇ ತಿಂಗಳಲ್ಲಿ ಬಾರ್ಲಿ ಕೊಯ್ಲು, ಅದರ ಹುಲ್ಲೂ ಮತ್ತೆ ಗದ್ದೆಗೇ. ಜೂನ್ ಮಳೆಯಲ್ಲಿ ಒಂದು ವಾರ ಹತ್ತು ದಿನ ನೀರು ನಿಲ್ಲಿಸಿದರೆ ಕ್ಲೋವರ್ ಸೊರಗುತ್ತೆ, ಕಳೆ ಅಡಗುತ್ತೆ, ಭತ್ತ ಏಳುತ್ತೆ. ಅವರು ಕೊಟ್ಟ ಲೆಕ್ಕದ ಪ್ರಕಾರ ಇಳುವರಿ ಎಕರೆಗೆ ಸುಮಾರು 20ರಿಂದ 23 ಕ್ವಿಂಟಲ್ ಭತ್ತ, ಅದೇ ನೆಲದಲ್ಲಿ ಹೆಚ್ಚುಕಮ್ಮಿ ಅಷ್ಟೇ ಚಳಿಗಾಲದ ಧಾನ್ಯ. ಸುತ್ತಲಿನ ಗೊಬ್ಬರ ಔಷಧಿಯ ಗದ್ದೆಗಳಿಗೆ ಸರಿಸಮ.

ಇದರಲ್ಲಿ ಸಾಕುಪ್ರಾಣಿಗಳ ಪಾಲೂ ಇತ್ತು. ಮೊದಲೆಲ್ಲ ಗದ್ದೆಗೆ ಬಾತುಕೋಳಿ ಬಿಡುತ್ತಿದ್ದರು. ಅವು ಹುಳು ಕಳೆ ತಿಂದು ಅಲ್ಲೇ ಹಿಕ್ಕೆ ಹಾಕೋವು. ಆಮೇಲೆ ಗದ್ದೆಗೂ ಬಾತುಗಳ ಗೂಡಿಗೂ ನಡುವೆ ದೊಡ್ಡ ರಸ್ತೆ ಬಂತು. ವಾಹನಗಳ ಮಧ್ಯೆ ಬಾತುಗಳನ್ನು ದಾಟಿಸೋಕಾಗದೆ ಆ ಪದ್ಧತಿಯನ್ನೇ ಕೈಬಿಟ್ಟು, ಹುಲ್ಲು ಬೇಗ ಕೊಳೆಯಲಿ ಅಂತ ಒಂದಿಷ್ಟು ಕೋಳಿಗೊಬ್ಬರ ಎರಚತೊಡಗಿದರು. ಗೊಬ್ಬರವೇ ಹಾಕದವರು ಅನ್ನೋ ನಮ್ಮ ಕಲ್ಪನೆಯ ಫುಕುವೋಕರಿಗಿಂತ, ರಸ್ತೆ ಬಂದಿದ್ದಕ್ಕೆ ದಾರಿ ಬದಲಿಸಿಕೊಂಡ ಈ ಫುಕುವೋಕ ನಮಗೆ ಹತ್ತಿರದವರು ಅನಿಸಿದರು.

ಗದ್ದೆ 1.25 ಎಕರೆ, ತೋಟ 12.5 ಎಕರೆ ಆಗುವ ಹೊತ್ತಿಗೆ ಗುಡ್ಡದ ಮೇಲೆ ಮಣ್ಣಿನ ಗೋಡೆಯ ಗುಡಿಸಲುಗಳೆದ್ದವು. ಕೊಚ್ಚಿಹೋಗಿದ್ದ ಕೆಂಪು ನೆಲಕ್ಕೆ ಕ್ಲೋವರ್, ಮೂಲಂಗಿ, ಅಕೇಶಿಯ ಹಾಕಿ ಜೀವ ತುಂಬಿದರು. ಕಿತ್ತಳೆ ಮರಗಳ ಕೆಳಗೆ ತರಕಾರಿ ಅರ್ಧ ಕಾಡುಗಿಡದಂತೆ ಬೆಳೆಯುತ್ತಿತ್ತು. 1970ರ ದಶಕದಲ್ಲಿ ಊರೂರಿಂದ, ದೇಶದೇಶದಿಂದ ಹುಡುಗ ಹುಡುಗಿಯರು ಬಂದು ಅಲ್ಲಿ ತಂಗಿದರು. ಕರೆಂಟಿಲ್ಲ, ಮೇಣದ ಬತ್ತಿ, ಸೀಮೆಎಣ್ಣೆ ದೀಪ. ಬೆಳಗಾದರೆ ಒರತೆಯಿಂದ ನೀರು ಹೊರಬೇಕು, ಸೌದೆ ಒಡೆಯಬೇಕು, ಮೇಕೆ ನೋಡಿಕೊಳ್ಳಬೇಕು, ಕೋಳಿಗೆ ಮೇವು ಹಾಕಿ ಮೊಟ್ಟೆ ಆರಿಸಬೇಕು, ಜೇನುಪೆಟ್ಟಿಗೆ ಕಾಯಬೇಕು, ಸೋಯಾ ಕಾಳಿನಿಂದ ಮಿಸೊ, ತೋಫು ಮಾಡಬೇಕು. ಅಷ್ಟೂ ಜನರ ತಿಂಗಳ ಖರ್ಚಿಗೆ ಅವರು ಕೊಡುತ್ತಿದ್ದದ್ದು 10,000 ಯೆನ್, ಆಗಿನ ಸುಮಾರು 35 ಡಾಲರ್. ಹೊರಗಿಂದ ಕೊಳ್ಳುತ್ತಿದ್ದದ್ದು ಸೋಯಾ ಸಾಸ್, ಅಡುಗೆ ಎಣ್ಣೆಯಂಥ ಕೆಲವೇ ಸಾಮಾನು. ಕಾಲೆಕರೆ ಗದ್ದೆ ಐದರಿಂದ ಹತ್ತು ಜನರಿಗೆ ಅನ್ನ ಕೊಡಬಲ್ಲದು, ತಲೆಗೆ ದಿನಕ್ಕೆ ಒಂದು ಗಂಟೆಯ ದುಡಿಮೆಯೂ ಬೇಡ ಅನ್ನೋದು ಅವರ ಲೆಕ್ಕ. ಕಾಲೆಕರೆ ಅಂದರೆ 10 ಗುಂಟೆ. ಆದರೆ ಆ ಒಂದು ಗಂಟೆಯ ಹಿಂದೆ ಎಷ್ಟು ವರ್ಷ ಕೂತಿವೆ ಅನ್ನೋದನ್ನು ನಾವು ಮರೆತುಬಿಡುತ್ತೇವೆ.

1975ರಲ್ಲಿ ಅವರ ಪುಸ್ತಕ ಬಂತು. ಆಗ ಅವರಿಗೆ 62. ಅಲ್ಲೇ ದುಡಿದ ಲ್ಯಾರಿ ಕಾರ್ನ್ ಮುಂತಾದವರು ಅದನ್ನು ಇಂಗ್ಲಿಷಿಗೆ ತಂದರು, 1978ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅಲ್ಲಿಂದ ಲೋಕವೆಲ್ಲ ಸುತ್ತಿ ನಮ್ಮಲ್ಲಿಗೂ ಬಂತು. ಪೂರ್ಣಚಂದ್ರ ತೇಜಸ್ವಿಯವರ ಸಹಜ ಕೃಷಿ ಮೂಲಕ, ಸಂತೋಷ್ ಕೌಲಗಿಯವರ ಒಂದು ಹುಲ್ಲಿನ ಕ್ರಾಂತಿ ಮೂಲಕ ಕನ್ನಡದ ರೈತರು ಅವರನ್ನು ಓದಿದರು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರಂಥ ಕೃಷಿಕರು ಅವರಿಂದ ಪ್ರೇರಣೆ ಪಡೆದರು. 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಅದೇ ವರ್ಷ ವಿಶ್ವಭಾರತಿ ದೇಶಿಕೋತ್ತಮ ಗೌರವ ನೀಡಿತು.

ಆದರೆ ಅವರ ಕ್ರಮವನ್ನು ಇದ್ದಹಾಗೆ ಎತ್ತಿ ತಂದು ನಮ್ಮ ನೆಲಕ್ಕೆ ಹಾಕೋದು ಸುಲಭವಲ್ಲ. ಶಿಕೋಕುವಿನ ಜೂನ್ ಮಳೆ, ಅಲ್ಲಿನ ಚಳಿಗಾಲದ ಬಾರ್ಲಿ ನಮ್ಮಲ್ಲಿಲ್ಲ. ಅದಕ್ಕಿಂತ ದೊಡ್ಡ ಮಾತು ಹುಲ್ಲಿನದು. ಅವರ ಕೃಷಿಯ ಜೀವವೇ ಗದ್ದೆಗೆ ಮರಳುವ ಹುಲ್ಲು. ನಮ್ಮೂರಿನಲ್ಲಿ ಆ ಹುಲ್ಲಿಗೆ ಕಣದಿಂದ ಬಣವೆಗೆ, ಬಣವೆಯಿಂದ ಕೊಟ್ಟಿಗೆಗೆ ದಾರಿ. ಹುಲ್ಲೆಲ್ಲ ಗದ್ದೆಗೆ ಹರಡಿದರೆ ಹಸು ಎಮ್ಮೆ ಏನು ತಿನ್ನಬೇಕು? ನಮ್ಮ ಲೆಕ್ಕದಲ್ಲಿ ಹುಲ್ಲು ಸಗಣಿಯಾಗಿ, ಗೊಬ್ಬರವಾಗಿ ಗದ್ದೆಗೆ ಮರಳುತ್ತೆ. ಅವರಿಂದ ಕಲಿಯಬೇಕಾದ್ದು ಕ್ರಮವನ್ನಲ್ಲ, ಆ ಕ್ರಮ ಹುಡುಕಿದ ರೀತಿಯನ್ನು.

ಫುಕುವೋಕ ತೀರಿಕೊಂಡದ್ದು 2008ರ ಆಗಸ್ಟ್ 16ರಂದು, 95ನೇ ವಯಸ್ಸಿನಲ್ಲಿ. ಜಪಾನಿನಲ್ಲಿ ಅದು ಓಬೊನ್ ಹಬ್ಬದ ಕಡೇ ದಿನ. ನಮ್ಮ ಪಿತೃಪಕ್ಷದ ಹಾಗೆ, ಮನೆಗೆ ಬಂದ ಹಿರಿಯರನ್ನು ದೀಪ ಹಚ್ಚಿ ಕಳಿಸಿಕೊಡುವ ದಿನ.

ನಮ್ಮಲ್ಲಿ ಕೆಲವರಿಗೆ ಊರಲ್ಲಿ ಅಪ್ಪನ ತೋಟವಿದೆ. ಅಡಿಕೆಯೋ ತೆಂಗೋ ಮಾವೋ, ಯಾರೋ ಸವರುತ್ತಾ, ಬುಡ ಬಿಡಿಸುತ್ತಾ, ನೀರು ಕಟ್ಟುತ್ತಾ ಇರೋದರಿಂದಲೇ ಅದು ಉಳಿದಿದೆ. ಮುಂದೊಂದು ದಿನ ಕೆಲಸ ಬಿಟ್ಟು ಹೋಗಿ ಎಲ್ಲ ಪ್ರಕೃತಿಗೆ ಬಿಡ್ತೀವಿ ಅಂದರೆ ಒಣಗೋದು ಅವರ ಮರ, ನಮ್ಮ ಕನಸಲ್ಲ. ಅದಕ್ಕೇ ಈ ರಜೆಗೆ ಊರಿಗೆ ಹೋದಾಗ ಇಡೀ ತೋಟ ಕೇಳೋದು ಬೇಡ. ಅಪ್ಪಾ, ಆ ಮೂಲೆಯ ಒಂದು ಸಾಲು ಹೊಸ ಗಿಡ ನನಗೆ ಬಿಡು ಅಂತ ಕೇಳೋಣ. ಪಕ್ಕದ ಸಾಲು ಅವರ ಪದ್ಧತಿಯಲ್ಲೇ ಇರಲಿ. ಐದಾರು ವರ್ಷ ಎರಡನ್ನೂ ನೋಡಿ, ಆಮೇಲೆ ಮಾತಾಡೋಣ.