ಬಿಸಾಡುವ ಮೂಳೆಯಿಂದ ಹೊಸ ತೋಳು

ಮಕ್ಕಳೇ, ಬಿದ್ದು ಕೈ ಮುರಿದುಕೊಂಡ ಗೆಳೆಯರು ನಿಮ್ಮ ತರಗತಿಯಲ್ಲೂ ಇರಬಹುದು. ವೈದ್ಯರು ಮೂಳೆಯನ್ನು ಸರಿಯಾಗಿ ಜೋಡಿಸಿ ಪಟ್ಟಿ ಹಾಕುತ್ತಾರೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಮೂಳೆಯೇ ಕೊಳೆತು ಇಲ್ಲವಾದರೆ? ಆ ಖಾಲಿ ಜಾಗವನ್ನು ತುಂಬುವುದು ಹೇಗೆ? ಈ ಪ್ರಶ್ನೆಗೆ ದಾರಿ ತೋರಿದವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಮೆಕ್ಯೂವನ್.

ಮೆಕ್ಯೂವನ್ ಹುಟ್ಟಿದ್ದು 1848ರ ಜೂನ್ 22ರಂದು, ಬ್ಯೂಟ್ ಎಂಬ ದ್ವೀಪದ ರಾಥ್ಸೇ ಊರಿನಲ್ಲಿ. ಓದಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ. ಅದೇ ಊರಿನ ಆಸ್ಪತ್ರೆಯಲ್ಲಿ 1865ರಲ್ಲಿ ಜೋಸೆಫ್ ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಶುದ್ಧವಾಗಿಡುವ ವಿಧಾನವನ್ನು ಆರಂಭಿಸಿದ್ದರು. ಅದಕ್ಕೆ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ಬದುಕಿದವರೂ ಆಮೇಲೆ ಗಾಯ ಕೀವುಗಟ್ಟಿ ಸಾಯುತ್ತಿದ್ದರು. ಲಿಸ್ಟರ್ ಅವರ ಪಾಠವನ್ನು ಮೆಕ್ಯೂವನ್ ಇನ್ನೂ ಮುಂದಕ್ಕೆ ಒಯ್ದರು. ಮರದ ಹಿಡಿಯ ಸಂದಿನಲ್ಲಿ ಕೊಳೆ ಕೂರುತ್ತದೆಂದು, ಹಿಡಿಯಿಂದ ತುದಿಯವರೆಗೂ ಒಂದೇ ಉಕ್ಕಿನ ಉಳಿಯನ್ನು ಮೂಳೆ ಕತ್ತರಿಸಲು ರೂಪಿಸಿದರು.

ಆ ಕಾಲದ ಗ್ಲಾಸ್ಗೋ ಕಾರ್ಖಾನೆಗಳ ಹೊಗೆ ತುಂಬಿದ ನಗರ. ಇಕ್ಕಟ್ಟಾದ ಬೀದಿಗಳಿಗೆ ಬಿಸಿಲು ಬೀಳುವುದೇ ಅಪರೂಪ. ಬಿಸಿಲಿಲ್ಲದೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗದು. ಅದಿಲ್ಲದೆ ಮೂಳೆಗೆ ಸಾಕಷ್ಟು ಕ್ಯಾಲ್ಸಿಯಂ ಸೇರದು. ಹೀಗಾಗಿ ಅಲ್ಲಿನ ಎಷ್ಟೋ ಬಡ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ಈ ರೋಗವೇ ರಿಕೆಟ್ಸ್. ಮೆಕ್ಯೂವನ್ ಬಾಗಿದ ಮೂಳೆಯಿಂದ ಬೆಣೆಯಾಕಾರದ ತುಂಡೊಂದನ್ನು ತೆಗೆದು ಕಾಲನ್ನು ನೇರ ಮಾಡುತ್ತಿದ್ದರು. ತೆಗೆದ ತುಂಡು ಬಿಸಾಡುವ ವಸ್ತು.

1878ರಲ್ಲಿ ಅವರ ಬಳಿಗೆ ಪುಟ್ಟ ಹುಡುಗನೊಬ್ಬ ಬಂದ. ಸೋಂಕಿನಿಂದ ಅವನ ಮೇಲ್ತೋಳಿನ ಮೂಳೆಯ ಬಹುಭಾಗ ನಾಶವಾಗಿತ್ತು. ಕೈ ನೇತಾಡುತ್ತಿತ್ತು. ಒಂದು ವರ್ಷ ಕಳೆದರೂ ಹೊಸ ಮೂಳೆ ಬೆಳೆಯಲಿಲ್ಲ. ಇಂಥ ಕೈಯನ್ನು ಕತ್ತರಿಸಿ ಹಾಕುವುದು ಆಗಿನ ವಾಡಿಕೆ. ಮೆಕ್ಯೂವನ್ ಹಾಗೆ ಮಾಡಲಿಲ್ಲ. ತೋಳಿನ ಸ್ನಾಯುಗಳ ನಡುವೆ ಕಾಲುವೆಯಂಥ ಜಾಗ ಮಾಡಿದರು. ಬೇರೆ ರೋಗಿಗಳ ಬಾಗಿದ ಕಾಲುಗಳಿಂದ ತೆಗೆದ ಬೆಣೆಗಳನ್ನು ಸಣ್ಣ ಸಣ್ಣ ಚೂರು ಮಾಡಿ ಅಲ್ಲಿ ಇಟ್ಟರು. ಒಂದೇ ಬಾರಿಗಲ್ಲ, ಹಂತ ಹಂತವಾಗಿ. ಚೂರುಗಳು ಕೂಡಿಕೊಂಡು ಗಟ್ಟಿ ಮೂಳೆಯಾಯಿತು! 1881ರಲ್ಲಿ ಈ ವರದಿ ಪ್ರಕಟವಾಯಿತು. ತೋಳು ಕೊಂಚ ಗಿಡ್ಡವಾಗಿ ಉಳಿದರೂ, ಆ ಹುಡುಗ ದೊಡ್ಡವನಾಗಿ ಅದೇ ಕೈಯಿಂದ ದುಡಿದು ಬದುಕಿದ.

ಚೂರು ಮಾಡಿದ್ದೇಕೆ, ಯೋಚಿಸಿ. ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುತ್ತದೆ, ಅಲ್ಲವೆ? ಚೂರಾದಷ್ಟೂ ಹೊರಮೈ ಹೆಚ್ಚು. ಹೊರಮೈ ಹೆಚ್ಚಾದಷ್ಟೂ ಸುತ್ತಲಿನ ರಕ್ತನಾಳಗಳಿಗೆ ಚೂರುಗಳನ್ನು ತಲುಪುವುದು ಸುಲಭ.

ಕಸಿ ಮಾಡಿದ ಚೂರುಗಳೇ ಜೀವಂತವಾಗಿದ್ದು ಬೆಳೆಯುತ್ತವೆ ಎಂದು ಮೆಕ್ಯೂವನ್ ನಂಬಿದ್ದರು. 1912ರಲ್ಲಿ ಮೂಳೆಯ ಬೆಳವಣಿಗೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಆದರೆ ಇನ್ನೊಬ್ಬರಿಂದ ತಂದ ಮೂಳೆಯ ಜೀವಕೋಶಗಳು ಉಳಿಯುವುದಿಲ್ಲ ಎಂದು ಈಗ ನಮಗೆ ಗೊತ್ತು. ಆ ಮೂಳೆ ಚಪ್ಪರದಂತೆ ಕೆಲಸ ಮಾಡುತ್ತದೆ. ಹೀರೆಬಳ್ಳಿ ಚಪ್ಪರಕ್ಕೆ ಹಬ್ಬುವಂತೆ ರೋಗಿಯ ಸ್ವಂತ ರಕ್ತನಾಳಗಳೂ ಜೀವಕೋಶಗಳೂ ಅದರೊಳಗೆ ಹಬ್ಬಿ, ಹಳೆಯದನ್ನು ಕರಗಿಸಿ ಹೊಸ ಮೂಳೆ ಕಟ್ಟುತ್ತವೆ.

ಬಾಯಿಯ ಶಸ್ತ್ರಚಿಕಿತ್ಸೆಗೂ ಮೆಕ್ಯೂವನ್ ಅವರಿಂದ ಉಪಕಾರವಾಗಿದೆ. 1878ರ ಜುಲೈ ತಿಂಗಳಲ್ಲಿ ನಾಲಗೆಯ ಬುಡದಲ್ಲಿ ಗಡ್ಡೆಯಿದ್ದ ರೋಗಿಯೊಬ್ಬರಿಗೆ, ಗಂಟಲಿಗೆ ರಂಧ್ರ ಕೊರೆಯದೆ, ಬಾಯಿಯ ಮೂಲಕವೇ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಅರಿವಳಿಕೆ ಕೊಟ್ಟರು. ಇದರಿಂದ ರಕ್ತ ಶ್ವಾಸಕೋಶಕ್ಕೆ ಇಳಿಯುವ ಅಪಾಯ ತಪ್ಪಿತು.

ಈಗ ನಾಲಗೆಯನ್ನು ನಿಮ್ಮ ಹಲ್ಲುಗಳ ಮೇಲೆ ಆಡಿಸಿ ನೋಡಿ. ಹಾಲುಹಲ್ಲು ಬಿದ್ದರೆ ಇನ್ನೊಂದು ಬರುತ್ತದೆ. ಆದರೆ ದೊಡ್ಡವರ ಹಲ್ಲು ಕಿತ್ತರೆ ಆ ಜಾಗದ ದವಡೆಯ ಮೂಳೆ ಕ್ರಮೇಣ ಸವೆಯುತ್ತದೆ. ಕೃತಕ ಹಲ್ಲಿನ ಟೈಟೇನಿಯಂ ಬೇರನ್ನು ನೆಡಲು ಮೂಳೆ ಸಾಲದಿದ್ದರೆ ಇಂದಿನ ದಂತವೈದ್ಯರು ಮೂಳೆ ಕಸಿ ಮಾಡುತ್ತಾರೆ. ಅದಕ್ಕೆ ರೋಗಿಯದೇ ಮೂಳೆ, ಸಂಸ್ಕರಿಸಿದ ದಾನದ ಮೂಳೆ ಅಥವಾ ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಕಾಳುಗಳನ್ನು ಬಳಸುತ್ತಾರೆ. ನಮ್ಮ ಮೂಳೆಯ ಖನಿಜವೂ ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪವೇ. ಆದ್ದರಿಂದ ದೇಹ ಈ ಕಾಳುಗಳನ್ನು ಸಹಿಸಿಕೊಳ್ಳುತ್ತದೆ. ಇಂಥವನ್ನು ಜೈವಿಕ ಹೊಂದಾಣಿಕೆಯ ವಸ್ತುಗಳು ಎನ್ನುತ್ತಾರೆ. ಒಸಡು ಬೇಗ ಬೆಳೆದು ಮೂಳೆಯ ಜಾಗವನ್ನು ಆಕ್ರಮಿಸದಂತೆ ಮೇಲೆ ತೆಳುವಾದ ಪೊರೆಯನ್ನೂ ಹೊದಿಸುವುದುಂಟು. ವಸ್ತುಗಳು ಹೊಸವು. ನಿಯಮಗಳು ಮಾತ್ರ ಆ ಹುಡುಗನ ತೋಳಿನಲ್ಲಿ ಕಂಡವೇ: ಜಾಗ ಶುದ್ಧವಾಗಿರಬೇಕು, ಚೂರು ಸಣ್ಣದಿರಬೇಕು, ರಕ್ತ ತಲುಪಬೇಕು.

ಮೆಕ್ಯೂವನ್ 1892ರಲ್ಲಿ ತಾವು ಓದಿದ ವಿಶ್ವವಿದ್ಯಾಲಯದಲ್ಲೇ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. 1902ರಲ್ಲಿ ಸರ್ ಪದವಿ ಪಡೆದರು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ, ಹಡಗು ಕಟ್ಟುವ ಕುಶಲಕರ್ಮಿಗಳ ನೆರವಿನಿಂದ ಕೃತಕ ಅಂಗಗಳನ್ನು ಮಾಡಿಸಿದರು. 1924ರ ಮಾರ್ಚ್ 22ರಂದು ತೀರಿಕೊಂಡರು.

ಒಂದು ಮಗುವಿನ ಕಾಲನ್ನು ನೇರ ಮಾಡಿ ಉಳಿದ ಚೂರು ಇನ್ನೊಂದು ಮಗುವಿನ ಕೈಯನ್ನು ಉಳಿಸಿತು. ಬಿಸಾಡುವ ಮೊದಲು ಒಮ್ಮೆ ಸರಿಯಾಗಿ ನೋಡುವುದೂ ವಿಜ್ಞಾನವೇ, ಮಕ್ಕಳೇ.